ಆ ಕೇದಾರನಾಥದ ಫೋಟೋ ನಂದಲ್ಲ

1/9

ಮೊದಲೇ ಹೇಳಿಬಿಡ್ತೀನಿ. ಓದಿ ಆದಮೇಲೆ ಅನ್‌ಫಾಲೋ ಮಾಡೋರು ಮಾಡ್ರಿ, ಬೇಜಾರಿಲ್ಲ.

ಮೇ ತಿಂಗಳ ಕೊನೆಗೆ ನಾನು ಹಾಕಿದ ಕೇದಾರನಾಥದ ಫೋಟೋ ನಿಮಗೆ ನೆನಪಿರಬೇಕು. ಕಲ್ಲಿನ ಗುಡಿ, ಹಿಂದೆ ಬಿಸಿಲು ಬಿದ್ದ ಹಿಮದ ಬೆಟ್ಟ, ಒಂದು ತುಣುಕು ಮೋಡವೂ ಇಲ್ಲದ ಆಕಾಶ. ಕೆಳಗೆ ಒಂದೇ ಪದ ಬರೆದಿದ್ದೆ: "ಮುಟ್ಟಿದೆವು."

412 ಲೈಕ್ ಬಂದ್ವು. ನನ್ನ ಅಕೌಂಟಿಗೆ ಅದು ರೆಕಾರ್ಡ್. ಹಿಂದಿನ ಬೆಂಚಿನವರು "ಲೇ, ಪಿಟಿ ಪೀರಿಯಡ್ಡಿಗೆ ಎರಡ ರೌಂಡ್ ಓಡಾಕ ಅಳ್ತಿದ್ದಿ, ಹಿಮಾಲಯ ಹತ್ತಿದೇನು?" ಅಂತ ಕಮೆಂಟ್ ಹಾಕಿದ್ರು. ನಾನು ಅದಕ್ಕೊಂದು ನಗುವ ಮುಖ ಹಾಕಿ ಸುಮ್ಮನಾದೆ.

ಆ ಫೋಟೋ ನಾನು ತೆಗೆದದ್ದಲ್ಲ. ನಮ್ಮ ಕಾಕಾ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದು. ಅದನ್ನು ತೆಗೆದ ಹೊತ್ತಿಗೆ ನಾನು ಗುಡಿಯಿಂದ 16 ಕಿಲೋಮೀಟರ್ ಕೆಳಗೆ, ಗೌರಿಕುಂಡದ ಒಂದು ಲಾಡ್ಜಿನಲ್ಲಿ ಅಪ್ಪನ ಒದ್ದೆ ಸಾಕ್ಸ್ ಹಿಂಡುತ್ತಾ ಕೂತಿದ್ದೆ.

ನಾನು ಕೇದಾರನಾಥ ಮುಟ್ಟಿಲ್ಲ. ನಮ್ಮಪ್ಪನೂ ಮುಟ್ಟಿಲ್ಲ. 11 ಕಿಲೋಮೀಟರ್ ಹತ್ತಿ, 5 ಕಿಲೋಮೀಟರ್ ಬಾಕಿ ಇರುವಾಗ ತಿರುಗಿ ಬಂದ್ವಿ.

ಇದನ್ನು ಈಗ ಯಾಕೆ ಹೇಳ್ತಿದೀನಿ? ಹೋದ ವಾರ ಒಬ್ಬಳು ಜೂನಿಯರ್ ಮೆಸೇಜ್ ಮಾಡಿದ್ಲು. "ಅಕ್ಕಾ, ಅಪ್ಪ ಅವ್ವನ್ನ ಕರಕೊಂಡು ಕೇದಾರನಾಥಕ್ಕ ಹೊಂಟೀವಿ. ಒಂದ ದಿನದಾಗ ಹತ್ತಬಹುದಲ್ಲಾ? ನೀವು ಹತ್ತೀರಲ್ಲ, ಅದಕ ಕೇಳಿದೆ."

"ಹೂಂ, ಆರಾಮ ಹತ್ತಬಹುದು" ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ.

ಅವಳಿಗೆ ಕೊಡಬೇಕಾದ ಉತ್ತರಾನೇ ಈ ಒಂಬತ್ತು ಪೋಸ್ಟು.

2/9

ಅಪ್ಪ ಬಸ್ ಕಂಡಕ್ಟರ್. ವಯಸ್ಸು 57. ನನಗೆ ಬುದ್ಧಿ ಬಂದಾಗಿಂದ ಅವನು ನಾಲ್ಕು ದಿನಕ್ಕಿಂತ ಹೆಚ್ಚು ರಜೆ ಒಟ್ಟಿಗೆ ಹಾಕಿದ್ದು ನೋಡಿಲ್ಲ. ನಮ್ಮ ದೇವರ ಮನೆಯಲ್ಲಿ ಒಂದು ಹಳೇ ಕ್ಯಾಲೆಂಡರಿನ ಕೇದಾರನಾಥದ ಚಿತ್ರ ಇದೆ. ಕೆಳಗಿನ ತಾರೀಖು ಕತ್ತರಿಸಿ ಫ್ರೇಮ್ ಹಾಕಿಸಿದ್ದು. ಯಾವ ವರ್ಷದ್ದು ಅಂತ ಯಾರಿಗೂ ಗೊತ್ತಿಲ್ಲ.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೇದಾರ ಅಂದ್ರೆ ಬರೀ ಚಾರ್‌ಧಾಮ್ ಪ್ಯಾಕೇಜ್ ಅಲ್ಲ. ವೀರಶೈವರ ಪಂಚಪೀಠಗಳಲ್ಲಿ ಅದೂ ಒಂದು. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿ, ಮತ್ತೆ ಕೇದಾರ. ಆ ಪೀಠದ ಮಠ ಊಖಿಮಠದಲ್ಲಿದೆ. ಕೇದಾರನಾಥ ಗುಡಿಯ ಮುಖ್ಯಸ್ಥರಿಗೆ ರಾವಲ್ ಅಂತಾರೆ. ಅವರು ದಕ್ಷಿಣದ, ಹೆಚ್ಚಾಗಿ ನಮ್ಮ ಕರ್ನಾಟಕದ ಕಡೆಯ ವೀರಶೈವರಾಗಿರೋದು ತಲೆತಲಾಂತರದ ಪದ್ಧತಿ. ಚಳಿಗಾಲದಲ್ಲಿ ಗುಡಿ ಮುಚ್ಚಿದಾಗ ಉತ್ಸವಮೂರ್ತಿ ಊಖಿಮಠದ ಓಂಕಾರೇಶ್ವರ ಗುಡಿಗೆ ಬರುತ್ತೆ. ಮತ್ತೆ ಬಾಗಿಲು ತೆಗೆಯುವ ದಿನವನ್ನು ಶಿವರಾತ್ರಿಗೆ ಅಲ್ಲೇ ಗೊತ್ತು ಮಾಡ್ತಾರೆ. ಗುಪ್ತಕಾಶಿಯಲ್ಲಿ ಚಹಾದಂಗಡಿಯವನು ನಾವು ಕರ್ನಾಟಕ ಅಂದ ಕೂಡಲೇ "ಅರೆ, ರಾವಲ್‌ಜೀ ಕೆ ಇಲಾಕೆ ಸೆ!" ಅಂದ. ಅಪ್ಪ ಅವತ್ತು ಎರಡು ಚಹಾ ಹೆಚ್ಚು ಕುಡಿದ.

ನಾವು ಏಳು ಜನ. ಅಪ್ಪ, ನಾನು, ಕಾಕಾ, ಕಾಕು, ದೊಡ್ಡವ್ವ, ಓಣಿಯ ಇಬ್ಬರು. ಅವ್ವ ಅಜ್ಜಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ಊರಲ್ಲಿ ಆಗ 40 ಡಿಗ್ರಿ ಬಿಸಿಲು. ಅಪ್ಪ ಡ್ಯೂಟಿ ಮುಗಿಸಿ ಬಂದವನು ಅದೇ ರಾತ್ರಿ ರೈಲು ಹತ್ತಿದ.

ರೈಲಿನಲ್ಲಿ ಎರಡು ರಾತ್ರಿ. ಹರಿದ್ವಾರದಿಂದ ಗುಪ್ತಕಾಶಿಗೆ ಇಡೀ ದಿನ ಘಾಟಿ ರಸ್ತೆ. ದೊಡ್ಡವ್ವ ದೇವಪ್ರಯಾಗದಿಂದ ರುದ್ರಪ್ರಯಾಗದವರೆಗೆ ಪ್ಲಾಸ್ಟಿಕ್ ಚೀಲ ಹಿಡಿದೇ ಕೂತಿದ್ದಳು. ಲಾಡ್ಜ್ ಸೇರಿದಾಗ ರಾತ್ರಿ ಹತ್ತೂವರೆ. ಎದ್ದದ್ದು ಎರಡೂವರೆಗೆ.

ಅಂದ್ರೆ ಬೆಟ್ಟದ ಬುಡಕ್ಕೆ ಬಂದಾಗಲೇ ನಾವು ದಣಿದಿದ್ವಿ. ಇದನ್ನು ನೆನಪಿಟ್ಟುಕೊಳ್ರಿ, ಮುಂದೆ ಕೆಲಸಕ್ಕೆ ಬರುತ್ತೆ.

3/9

ಸೋನಪ್ರಯಾಗದವರೆಗೆ ನಮ್ಮ ಗಾಡಿ. ಅಲ್ಲಿಂದ ಮುಂದಿನ 5 ಕಿಲೋಮೀಟರ್ ಅಲ್ಲಿಯದೇ ಜೀಪು. ಗೌರಿಕುಂಡ ಮುಟ್ಟಿದಾಗ ಬೆಳಗಿನ ಐದೂವರೆ. ಕೆಳಗೆ ಮಂದಾಕಿನಿ ನದಿಯ ಸದ್ದು, ಮೇಲೆ ಹೇಸರಗತ್ತೆಗಳ ಕೊರಳ ಗಂಟೆ ಸದ್ದು. ಹೇಸರಗತ್ತೆಗೆ ಅಲ್ಲಿ ಖಚ್ಚರ್ ಅಂತಾರೆ. ಮೇಲೆ ಹೋಗಲು ನಾಲ್ಕು ದಾರಿ: ನಡೆಯೋದು, ಖಚ್ಚರ್, ನಾಲ್ವರು ಹೊರುವ ಡಂಡಿ, ಒಬ್ಬನೇ ಬೆನ್ನ ಮೇಲೆ ಹೊರುವ ಕಂಡಿ. ಹೆಲಿಕಾಪ್ಟರ್ ಬೇರೆ ಲೆಕ್ಕ, ಅದು ನಮ್ಮ ಲೆಕ್ಕದ ಹೊರಗೆ.

ಕಾಕು ಮತ್ತೆ ದೊಡ್ಡವ್ವ ಖಚ್ಚರ್ ಮಾಡಿಕೊಂಡರು. ಅಪ್ಪ ಸಾಲಿನ ಕಡೆ ನೋಡಿ, "ನಾನೂ ಒಂದ ಮಾಡ್ಕೊಳ್ಲೇನು? ರಾತ್ರಿ ನಿದ್ದಿ ಆಗಿಲ್ಲ" ಅಂದ.

ನಾನು ಬ್ಯಾಡ ಅಂದೆ.

ಯಾಕೆ ಅಂದ್ರೆ, ಹೋಗೋಕೆ ಮುಂಚೆ ನಾನು ಆ ದಾರಿಯ ವಿಡಿಯೋಗಳನ್ನು ತುಂಬಾ ನೋಡಿದ್ದೆ. ಭಾರ ಹೊತ್ತು ಕುಸಿದ ಪ್ರಾಣಿಗಳು, ಬೆನ್ನ ಮೇಲಿನ ಹುಣ್ಣು. ಅದು ಸುಳ್ಳಲ್ಲ, ಅವತ್ತು ನಾನೇ ಕಣ್ಣಾರೆ ನೋಡಿದೆ. ಮುಂಗಾಲು ಕುಂಟುತ್ತಿದ್ದ ಒಂದು ಖಚ್ಚರಿನ ಮೇಲೆ ಗ್ಯಾಸ್ ಸಿಲಿಂಡರ್ ಕಟ್ಟಿದ್ದರು. ಆದರೆ ನನ್ನ "ಬ್ಯಾಡ"ದಲ್ಲಿ ಬರೀ ದಯೆ ಇರಲಿಲ್ಲ. ಇಬ್ಬರೂ ನಡೆದುಕೊಂಡೇ ಹತ್ತಿದ್ವಿ ಅಂತ ಪೋಸ್ಟ್ ಹಾಕಬೇಕಿತ್ತು ನನಗೆ. ಕ್ಯಾಪ್ಷನ್ ರೈಲಿನಲ್ಲೇ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ.

"ಅಪ್ಪಾ, ಮೂವತ್ತು ವರ್ಷ ಬಸ್ಸಿನಾಗ ನಿಂತ ಕಾಲು ನಿಂದು. ಹದಿನಾರು ಕಿಲೋಮೀಟರ್ ಏನ್ ಲೆಕ್ಕ?" ಅಂದೆ.

ಅಪ್ಪ ನಕ್ಕು, "ಆತು ನಡಿ ಯವ್ವಾ, ನೀ ಅಂತಿ ಅಂದ್ರ" ಅಂದ.

ನಮ್ಮಪ್ಪ ನನಗೆ ಇಲ್ಲ ಅಂದದ್ದು ಕಡಿಮೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

4/9

ಮೊದಲ ನಾಲ್ಕು ಕಿಲೋಮೀಟರ್, ಜಂಗಲ್ ಚಟ್ಟಿವರೆಗೆ, ನಿಜವಾಗಲೂ ಚೆಂದ. ಕಲ್ಲು ಹಾಸಿದ ಅಗಲ ದಾರಿ, ಬದಿಗೆ ಕಬ್ಬಿಣದ ಕಂಬಿ, ಗುಡ್ಡದಿಂದ ಇಳಿಯುವ ಸಣ್ಣ ಝರಿಗಳು. ತೊಂದರೆ ಅಂದ್ರೆ ಖಚ್ಚರಿನ ಲದ್ದಿ ಮತ್ತೆ ತಳ್ಳಾಟ. ಗಂಟೆ ಸದ್ದು ಕೇಳಿದ ಕೂಡಲೇ ಗುಡ್ಡದ ಕಡೆ ಸರಿದು ನಿಲ್ಲಬೇಕು, ಕಣಿವೆ ಕಡೆ ನಿಲ್ಲಬಾರದು. ಇದನ್ನು ಒಬ್ಬ ಅಜ್ಜ ಬೈದು ಹೇಳಿಕೊಟ್ಟ.

ನಾನು ಮುಂದೆ, ಅಪ್ಪ ಹಿಂದೆ. ಪ್ರತಿ ತಿರುವಿನಲ್ಲಿ ನಿಂತು "ಬಾ ಅಪ್ಪಾ" ಅಂತ ಕೂಗ್ತಿದ್ದೆ. ಅವನು ಹತ್ತಿರ ಬಂದ ಕೂಡಲೇ ನಾನು ಹೊರಡ್ತಿದ್ದೆ. ನನಗೆ ಪ್ರತಿ ತಿರುವಿಗೂ ವಿಶ್ರಾಂತಿ ಸಿಕ್ಕಿತು. ಅವನಿಗೆ ಒಂದಕ್ಕೂ ಸಿಗಲಿಲ್ಲ. ಈ ಲೆಕ್ಕ ನನಗೆ ಆಗ ಹೊಳೆಯಲೇ ಇಲ್ಲ.

ಭೀಮಬಲಿ 7ನೇ ಕಿಲೋಮೀಟರ್. ಮುಟ್ಟಿದಾಗ ಒಂಬತ್ತೂವರೆ. ಆಲೂ ಪರಾಠಾ ತಗೊಂಡ್ವಿ. ನಾನು ಎರಡು ತಿಂದೆ. ಅಪ್ಪ ಅರ್ಧ ಮುರಿದು, ಚಟ್ನಿಗೆ ಹಚ್ಚಿ, ಬಾಯಿಗೆ ಇಡದೆ ತಟ್ಟೆಯಲ್ಲೇ ಇಟ್ಟ.

"ಯಾಕ?"

"ತಲಿ ಸ್ವಲ್ಪ ಭಾರ. ನಿದ್ದಿ ಇಲ್ಲಲ್ಲ, ಅದಕ."

ನನಗೂ ಹಾಗೇ ಅನ್ನಿಸಿತು. ಯಾರಿಗಾದ್ರೂ ಹಾಗೇ ಅನ್ನಿಸುತ್ತೆ. ಅಲ್ಲೇ ಮೋಸ ಇರೋದು ನೋಡ್ರಿ. ದಣಿವಿಗೂ ತಲೆ ನೋಯುತ್ತೆ, ಊಟ ಸೇರಲ್ಲ, ಕಾಲು ಎಳೆಯುತ್ತೆ. ಎತ್ತರದ ಗಾಳಿ ಮೈಗೆ ಒಗ್ಗದಿದ್ದಾಗ ಬರುವ ಕಾಯಿಲೆಗೂ ಅದೇ ತಲೆನೋವು, ಅದೇ ವಾಕರಿಕೆ, ಅದೇ ಸುಸ್ತು. ಸಮುದ್ರಮಟ್ಟದಿಂದ 2,500 ಮೀಟರ್ ದಾಟಿದ ಮೇಲೆ ಅದು ಯಾರಿಗೆ ಬೇಕಾದರೂ ಬರಬಹುದು. ವಯಸ್ಸು, ಜಿಮ್, ಭಕ್ತಿ, ಯಾವುದನ್ನೂ ಕೇಳಲ್ಲ. ಹಾಗಾಗಿ ಮೇಲೆ ಹೋದವರಿಗೆ ಡಾಕ್ಟರು ಹೇಳೋ ನಿಯಮ ಒಂದೇ: ಎತ್ತರದಲ್ಲಿ ತಲೆ ನೋಯ್ತು ಅಂದ್ರೆ, ಬೇರೆ ಕಾರಣ ಖಾತ್ರಿ ಆಗೋವರೆಗೆ ಅದು ಎತ್ತರದ್ದೇ ಅಂತ ತಿಳಿಯಬೇಕು.

ಇದು ನನಗೆ ಈಗ ಗೊತ್ತು. ಅವತ್ತು ನಾನು ಬ್ಯಾಗಿನಿಂದ ಒಂದು ತಲೆನೋವಿನ ಗುಳಿಗೆ ತೆಗೆದುಕೊಟ್ಟು, "ನಡಿ, ಮಳಿ ಬರೂಕಿಂತ ಮೊದಲ ದಾಟೂಣು" ಅಂದೆ.

ಮೇಲಿನ ಕಣಿವೆಯ ಬಾಯಿ ಆಗಲೇ ಕಪ್ಪಾಗಿತ್ತು.

5/9

ಭೀಮಬಲಿ ದಾಟಿ ಸ್ವಲ್ಪ ದೂರ ಹೋದರೆ ರಾಂಬಾಡಾ. ಹೆಸರು ಇದೆ, ಊರು ಇಲ್ಲ.

2013ರ ಜೂನ್ 16, 17. ನಾವೆಲ್ಲ ಆಗ ಸಣ್ಣ ಹುಡುಗರು. ಬಿಡದ ಮಳೆ ಸುರೀತು, ಗುಡಿಯ ಮೇಲಿನ ಚೋರಾಬಾರಿ ಸರೋವರ ಒಡೀತು, ಮಂದಾಕಿನಿ ಕಲ್ಲು ಮಣ್ಣು ಹೊತ್ತು ಇಳಿದು ಬಂತು. ರಾಂಬಾಡಾದಲ್ಲಿ ಆಗ ಅಂಗಡಿ, ಲಾಡ್ಜು, ಯಾತ್ರಿಕರು ತುಂಬಿದ್ರು. ಅಲ್ಲಿ ಒಂದು ಗೋಡೆಯೂ ಉಳಿಯಲಿಲ್ಲ. ಗುಡಿ ಮಾತ್ರ ಉಳೀತು. ಅದರ ಹಿಂದೆ ಬಂದು ನಿಂತ ಒಂದು ದೊಡ್ಡ ಬಂಡೆ ನೀರನ್ನು ಎರಡು ಕಡೆ ಸೀಳಿತು ಅಂತಾರೆ. ಅದಕ್ಕೆ ಈಗ ಭೀಮಶಿಲಾ ಅಂತ ಹೆಸರಿಟ್ಟು ಪೂಜೆ ಮಾಡ್ತಾರೆ. ಸತ್ತವರು ಸಾವಿರಾರು.

ಮೊದಲಿನ ದಾರಿ 14 ಕಿಲೋಮೀಟರ್ ಇತ್ತು. ರಾಂಬಾಡಾದಿಂದ ಮೇಲಿನ ಹಳೇ ದಾರಿ ಕೊಚ್ಚಿಹೋಗಿದ್ದಕ್ಕೆ ನದಿ ದಾಟಿ ಎದುರಿನ ಗುಡ್ಡದಲ್ಲಿ ಹೊಸದು ಮಾಡಿದರು. ಅದರಿಂದ 16 ಆಯಿತು. ಸೇತುವೆ ಮೇಲೆ ನಿಂತು ಎದುರು ನೋಡಿದರೆ ಹಳೇ ದಾರಿಯ ಗೆರೆ ಸ್ವಲ್ಪ ದೂರ ಕಾಣುತ್ತೆ, ಆಮೇಲೆ ಬರೀ ಕುಸಿದ ಮಣ್ಣು.

ಅಪ್ಪ ಸೇತುವೆ ಮೇಲೆ ತುಂಬಾ ಹೊತ್ತು ನಿಂತ. ಅವನು ಅದನ್ನೇ ನೋಡ್ತಿದಾನೆ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಅವನಿಗೆ ತಲೆ ತಿರುಗುತ್ತಿತ್ತು, ಕಂಬಿ ಹಿಡಿದು ನಿಂತಿದ್ದ.

ಸೇತುವೆ ದಾಟಿದ ಮೇಲೆ ದಾರಿ ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತೆ. ಅಲ್ಲೇ ಮಳೆ ಶುರುವಾಯ್ತು. ಮೊದಲು ಹನಿ, ಆಮೇಲೆ ಜೋರು, ಆಮೇಲೆ ಆಲಿಕಲ್ಲು. ನಮ್ಮ ಊರಲ್ಲಿ ಆಲಿಕಲ್ಲು ಬಿದ್ದರೆ ಅಂಗಳಕ್ಕೆ ಓಡಿ ಆರಿಸಿ ಬಾಯಿಗೆ ಹಾಕ್ಕೋತೀವಿ. ಅಲ್ಲಿ ಅದು ತಗಡಿನ ಮೇಲೆ ಕಡಲೆ ಹುರಿದ ಹಾಗೆ ಸದ್ದು ಮಾಡುತ್ತಾ ಬಿತ್ತು, ಬೆರಳು ಮರಗಟ್ಟಿದವು. ಗೌರಿಕುಂಡದಲ್ಲಿ ಕೊಂಡ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಹತ್ತೇ ನಿಮಿಷಕ್ಕೆ ಕಂಕುಳಲ್ಲಿ ಹರೀತು. ಲದ್ದಿ ಕರಗಿ ಕಲ್ಲೆಲ್ಲ ಜಾರುತ್ತಿತ್ತು. ಇಳಿದು ಬರುವವರೆಲ್ಲ "ಬಸ್, ಥೋಡಾ ಔರ್ ಹೈ, ಜೈ ಭೋಲೇ" ಅಂತ ಹೇಳ್ತಾ ಹೋದರು.

ಅದೊಂದು ಮಾತನ್ನು ಯಾರೂ ನಂಬಬ್ಯಾಡ್ರಿ. ಆ ದಾರಿಯಲ್ಲಿ ಎಲ್ಲಿ ಕೇಳಿದರೂ "ಥೋಡಾ" ಅಂತಲೇ ಹೇಳ್ತಾರೆ.

6/9

ಲಿಂಚೋಲಿ, 11ನೇ ಕಿಲೋಮೀಟರ್. ಮಧ್ಯಾಹ್ನ ಒಂದು ಗಂಟೆ. 3,000 ಮೀಟರ್ ದಾಟಿದ ಜಾಗ.

ತಗಡಿನ ಶೆಡ್ಡಿನ ಕೆಳಗೆ ಕಾಕಾ, ಕಾಕು, ದೊಡ್ಡವ್ವ ಕಾಯ್ತಾ ಇದ್ದರು. ನಾನು ಮೊದಲು ಹೋಗಿ ಬೆಂಚಿನ ಮೇಲೆ ಬಿದ್ದೆ. ನನ್ನ ಕಾಲು ನನ್ನ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅಪ್ಪ ಬಂದವನು ಕೂರಲಿಲ್ಲ. ಶೆಡ್ಡಿನ ಕಂಬ ಹಿಡಿದು ಬಗ್ಗಿ ವಾಂತಿ ಮಾಡಿಕೊಂಡ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಚಹಾ.

"ಪಿತ್ತ ಆಗೈತಿ" ಅಂದಳು ದೊಡ್ಡವ್ವ. ನಿಂಬೆಹಣ್ಣು ಮೂಸಿಸಿದಳು.

ಕಾಕಾ ಏನೋ ಕೇಳಿದ. ಅಪ್ಪ ಉತ್ತರ ಕೊಟ್ಟ, ಆದರೆ ಬೇರೆ ಪ್ರಶ್ನೆಗೆ. ಎದ್ದು ನಿಂತಾಗ ಕುಡಿದವರ ಹಾಗೆ ಒಂದು ಕಡೆ ವಾಲಿದ. ನಮ್ಮಪ್ಪ ಘಾಟಿಯಲ್ಲಿ ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ಟಿಕೆಟ್ ಹರಿಯೋ ಮನುಷ್ಯ. ಅವನು ಸಮ ನೆಲದ ಮೇಲೆ ವಾಲಿದ್ದು ನೋಡಿದಾಗ ನನಗೆ ಮೊದಲ ಸಲ ಹೆದರಿಕೆ ಆಯ್ತು.

ದಾರಿಯುದ್ದಕ್ಕೂ ಅಲ್ಲಲ್ಲಿ ಸಣ್ಣ ವೈದ್ಯಕೀಯ ಶಿಬಿರ ಇರುತ್ತೆ. ಕಾಕಾ, ನಾನು ಹಿಡಿದುಕೊಂಡು ಹೋದ್ವಿ. ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು ಆ ಡಾಕ್ಟರು. ಬೆರಳಿಗೆ ಕ್ಲಿಪ್ ಹಾಕಿದರು. 74 ಅಂತ ತೋರಿಸ್ತು. ಕೆಳಗೆ ನಮ್ಮ ಊರಲ್ಲಿ 95ಕ್ಕಿಂತ ಮೇಲೆ ಇರಬೇಕು. ಆ ಎತ್ತರದಲ್ಲಿ ಎಲ್ಲರಿಗೂ ಸ್ವಲ್ಪ ಇಳಿಯುತ್ತೆ, ಆದರೆ ಇಷ್ಟಲ್ಲ. ನನ್ನ ಬೆರಳಿಗೆ ಹಾಕಿದಾಗ 89 ಇತ್ತು. ಒಂದು ಗೆರೆ ಮೇಲೆ ನಡೆಯಿರಿ ಅಂದರು, ಹಿಮ್ಮಡಿಗೆ ಬೆರಳು ತಾಗಿಸಿ. ಅಪ್ಪನಿಗೆ ಮೂರು ಹೆಜ್ಜೆ ಆಗಲಿಲ್ಲ.

ಆಕ್ಸಿಜನ್ ಹಚ್ಚಿ ಕೂರಿಸಿದರು. ಅರ್ಧ ಗಂಟೆಗೆ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ನಾನು ನನ್ನ ಹರುಕು ಹಿಂದಿಯಲ್ಲಿ ಕೇಳಿದೆ: "ಈಗ ಆರಾಮ ಆತಲ್ಲ, ನಿಧಾನಕ್ಕ ಮ್ಯಾಲೆ ಹೋಗಬಹುದಾ? ಇನ್ನ ಐದ ಕಿಲೋಮೀಟರ್ ಅಷ್ಟ."

ಅವರು ನನಗೆ ಬೈಯಲಿಲ್ಲ. ಹೇಳಿದ್ದು ಇಷ್ಟು: ಆಕ್ಸಿಜನ್ ಅಂದ್ರೆ ಇಳಿಯೋವರೆಗಿನ ಆಸರೆ, ಮೇಲೆ ಹತ್ತೋಕೆ ಲೈಸೆನ್ಸ್ ಅಲ್ಲ. ಇದಕ್ಕೆ ದೊಡ್ಡ ಔಷಧಿ ಅಂದ್ರೆ ಇಳಿಯೋದು. ಇವತ್ತೇ ಇಳಿಸಿ, ಬೆಳಕು ಇರುವಾಗಲೇ.

7/9

ಈ ಪೋಸ್ಟ್ ಬರೆಯೋದು ಕಷ್ಟ.

ಅಪ್ಪ ಮಾಸ್ಕ್ ತೆಗೆದು, "ನೀ ಕಾಕಾನ ಕೂಡ ಹೋಗು. ನಾ ಇಲ್ಲೇ ಒರಗಿರ್ತೀನಿ, ನೋಡಿ ಬಾ" ಅಂದ. ಕಾಕಾ, "ಬ್ಯಾಡ, ನಾ ಅಣ್ಣನ್ನ ಇಳಸ್ತೀನಿ, ನೀ ಕಾಕುನ ಕೂಡ ಹೋಗು. ಇಷ್ಟ ದೂರ ಬಂದೀದಿ" ಅಂದ.

ಇಬ್ಬರೂ ನನಗೆ ಬಿಟ್ಟುಕೊಡ್ತಿದ್ದರು. ಮಳೆ ಅಷ್ಟೊತ್ತಿಗೆ ಕಡಿಮೆ ಆಗಿತ್ತು. ಮೇಲೆ ಮೋಡ ಸರಿದು ಹಿಮದ ಒಂದು ಮೂಲೆ ಬಿಸಿಲಿಗೆ ಹೊಳೀತು. ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡಲ್ಲ: ಹೋಗಿಬಿಡೋಣ ಅನ್ನಿಸ್ತು. ಅಪ್ಪನಿಗೆ ಡಾಕ್ಟರ್ ಇದ್ದಾರೆ, ಕಾಕಾ ಇದ್ದಾನೆ, ನಾನೇನು ಮಾಡ್ತೀನಿ? ಮತ್ತೆ ಯಾವಾಗ ಬರ್ತೀನಿ? ಎರಡು ನಿಮಿಷ ಇರಬಹುದು, ಐದು ಇರಬಹುದು. ಅಷ್ಟು ಹೊತ್ತು ನಾನು ಅಪ್ಪನ ಕಡೆ ನೋಡಲಿಲ್ಲ, ಆ ಹೊಳೆಯುವ ಮೂಲೆ ಕಡೆನೇ ನೋಡ್ತಾ ನಿಂತಿದ್ದೆ.

ಆಮೇಲೆ ಅಪ್ಪ ಶೂ ಲೇಸ್ ಕಟ್ಟೋಕೆ ಬಗ್ಗಿದ. ಬೆರಳಿಗೆ ಲೇಸ್ ಸಿಗ್ತಾ ಇರಲಿಲ್ಲ. ಗೌರಿಕುಂಡದಲ್ಲಿ ಖಚ್ಚರ್ ಬ್ಯಾಡ ಅಂದವಳು ನಾನು. ಭೀಮಬಲಿಯಲ್ಲಿ ಗುಳಿಗೆ ಕೊಟ್ಟು ನಡೆಸಿದವಳೂ ನಾನೇ.

"ನಾನ ಇಳಸ್ತೀನಿ" ಅಂದೆ.

ಅಪ್ಪ ನಡೆಯುವ ಹಾಗಿರಲಿಲ್ಲ. ಮಳೆ, ಜಾರುವ ಕಲ್ಲು ಅಂತ ಆ ಹೊತ್ತಿಗೆ ಖಚ್ಚರ್ ನಿಲ್ಲಿಸಿದ್ದರು. ಬೆಳಗ್ಗೆ ಬ್ಯಾಡ ಅಂದವಳು ಮಧ್ಯಾಹ್ನ ಎಲ್ಲರ ಹತ್ತಿರ "ಒಂದು ಖಚ್ಚರ್ ಕೊಡ್ರಿ" ಅಂತ ಕೈ ಮುಗೀತಾ ತಿರುಗಿದೆ.

ಕೊನೆಗೆ ಬಂದವನು ಒಬ್ಬ ಕಂಡಿಯವನು. ನೇಪಾಳದ ಹುಡುಗ. ವಯಸ್ಸು ಕೇಳಿದೆ, 20 ಅಂದ. ನನ್ನ ವಯಸ್ಸು. ಕಂಡಿ ಅಂದ್ರೆ ಬೆತ್ತದ ಬುಟ್ಟಿ, ಅದರಲ್ಲಿ ಕೂರಲು ಜಾಗ. ಹಗ್ಗದ ಪಟ್ಟಿ ಹಣೆಗೆ, ಹೆಗಲಿಗೆ. ಅಪ್ಪನ ತೂಕ 68 ಕೆಜಿ. ಆ ಹುಡುಗ ನನಗಿಂತ ಗಿಡ್ಡ.

ಪ್ರಾಣಿ ಮೇಲೆ ಕೂರಬ್ಯಾಡ ಅಂದ ನಾನು, ಅಪ್ಪನನ್ನು ನನ್ನ ವಯಸ್ಸಿನ ಒಬ್ಬ ಮನುಷ್ಯನ ಬೆನ್ನ ಮೇಲೆ ಕೂರಿಸಿದೆ. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

8/9

ಕಂಡಿಯಲ್ಲಿ ಕೂತವರ ಮುಖ ಹಿಂದಕ್ಕೆ ಇರುತ್ತೆ. ಹುಡುಗ ಕೆಳಗೆ ನೋಡುತ್ತಾ ಇಳಿಯುತ್ತಾನೆ, ಅಪ್ಪ ಮೇಲೆ ನೋಡುತ್ತಾ. ನಾನು ಹಿಂದೆ ಬರ್ತಿದ್ದೆ. ಹಾಗಾಗಿ 11 ಕಿಲೋಮೀಟರ್ ಅಪ್ಪ ನನ್ನ ಮುಖಾನೇ ನೋಡ್ತಾ ಬಂದ. ನನ್ನ ಹಿಂದೆ ಬೆಟ್ಟ ಇತ್ತು. ಯಾವುದನ್ನು ನೋಡ್ತಿದ್ದನೋ ಗೊತ್ತಿಲ್ಲ.

ಹತ್ತೋದು ಉಸಿರಿನ ಕೆಲಸ ಆದರೆ ಇಳಿಯೋದು ಮೊಣಕಾಲಿನ ಕೆಲಸ. ರಾಂಬಾಡಾ ಬರೋದರೊಳಗೆ ನನ್ನ ತೊಡೆ ನಡುಗೋಕೆ ಶುರುವಾಯ್ತು. ಶೂ ಒಳಗೆ ನೀರು, ಹೆಬ್ಬೆರಳ ಉಗುರು ಒಳಗೊಳಗೇ ಬಡೀತಿತ್ತು. ಎರಡು ಸಲ ಬಿದ್ದೆ. ಎರಡನೇ ಸಲ ಎದ್ದೇಳದೆ ಅಲ್ಲೇ ಕೂತು ಅತ್ತೆ. ಹುಡುಗ ಕೋಲು ಊರಿ, ಕಂಡಿಯನ್ನು ಕಲ್ಲಿಗೆ ಒರಗಿಸಿ ನಿಂತ. ಅವನೂ ಉಸಿರು ಬಿಡ್ತಿದ್ದ. ಜೇಬಿನಿಂದ ಬೆಲ್ಲ ತೆಗೆದು ಮೊದಲು ನನಗೆ ಕೊಟ್ಟ, ಆಮೇಲೆ ತಾನು ಬಾಯಿಗೆ ಹಾಕ್ಕೊಂಡ.

ಭೀಮಬಲಿ ಬಂದಾಗ ಸಂಜೆ ಐದು. ಅಪ್ಪ ಇದ್ದಕ್ಕಿದ್ದ ಹಾಗೆ, "ಚಹಾ ಸಿಗತೈತೇನು?" ಅಂದ.

ಬೆಳಗಿನಿಂದ ಅವನು ತಾನಾಗಿ ಕೇಳಿದ ಮೊದಲ ವಸ್ತು ಅದು. ತಲೆನೋವು ಅರ್ಧಕ್ಕರ್ಧ ಇಳಿದಿತ್ತು. ಡಾಕ್ಟರು ಹೇಳಿದ ಔಷಧಿ ಕೆಲಸ ಮಾಡಿತ್ತು. ಮೂವರೂ ಚಹಾ ಕುಡಿದ್ವಿ, ಅಪ್ಪ ಎರಡು ಬಿಸ್ಕೀಟ್ ತಿಂದ.

ಅಲ್ಲಿ ಹುಡುಗನ ಹತ್ತಿರ ಒಂದು ಫೋಟೋ ತೆಗೀಲಾ ಅಂತ ಕೇಳಿದೆ. ಬ್ಯಾಡ ಅಂದ. ಊರಲ್ಲಿ ಅವನ ಅಮ್ಮನಿಗೆ ಗೊತ್ತಿಲ್ಲವಂತೆ. ಹೋಟೆಲ್ ಕೆಲಸದಲ್ಲಿ ಇದೀನಿ ಅಂತ ಹೇಳಿದಾನಂತೆ. ಹಾಗಾಗಿ ಈ ಪೋಸ್ಟಿಗೆ ಬರೀ ಮೂರು ಚಹಾ ಲೋಟದ ಫೋಟೋ.

ಗೌರಿಕುಂಡ ಮುಟ್ಟಿದಾಗ ರಾತ್ರಿ ಎಂಟು. ಮಾತಾಡಿದ ದುಡ್ಡಿನ ಮೇಲೆ ಅಪ್ಪ ಇನ್ನಷ್ಟು ಕೊಟ್ಟ. ಅವನು ಎಣಿಸಿ, ಹೆಚ್ಚಿದ್ದನ್ನು ವಾಪಸ್ ಚಾಚಿದ. ಅಪ್ಪ ತಗೊಳ್ಳಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡು ಕನ್ನಡದಲ್ಲೇ ಏನೋ ಹೇಳಿದ. ಅವನು ತಲೆ ಆಡಿಸಿದ.

9/9

ಮಾರನೇ ದಿನ ಬೆಳಗ್ಗೆ ಕಾಕಾನ ಫೋಟೋ ಬಂತು. ಮೋಡ ಇಲ್ಲದ ಆಕಾಶ. ಅಪ್ಪ ಮಲಗಿದ್ದ. ನಾನು ಒಂದೇ ಪದ ಬರೆದು ಪೋಸ್ಟ್ ಒತ್ತಿದೆ. ನಾಚಿಕೆ ಆಗಲಿಲ್ಲ, ಸುಳ್ಳು ಹೇಳ್ತಿದೀನಿ ಅಂತಲೂ ಅನ್ನಿಸಲಿಲ್ಲ. ಅಷ್ಟು ದಣಿದಿದ್ದೆ, ಆ ದಣಿವಿಗೆ ಏನಾದರೂ ಸಿಗಬೇಕು ಅನ್ನಿಸಿತ್ತು.

ವಾಪಸ್ ರೈಲಿನಲ್ಲಿ ಅಪ್ಪ ನನ್ನ ಫೋನ್ ನೋಡಿದ. "ಮುಟ್ಟಿದೆವು" ಓದಿದ. ಏನಾದರೂ ಅಂತಾನೆ ಅಂತ ಕಾದೆ. ಸುಮಾರು ಹೊತ್ತಾದ ಮೇಲೆ ಹೇಳಿದ:

"ನಮ್ಮ ಬಸ್ಸಿನಾಗ ದಿನಾ ಇರ್ತಾರ. ಮುಂದಿನ ಊರಿಗೆ ಟಿಕೆಟ್ ತಗೊಂಡು, ಏನೋ ಫೋನ್ ಬಂತಂತ ನಡುವ ಇಳಿಯೋರು. ಅವ್ರೇನು ಟಿಕೆಟ್ ಇಲ್ಲದವ್ರಲ್ಲ ಯವ್ವಾ. ಎಲ್ಲಿ ಇಳದೆ ಅಂತ ಹೇಳಾಕ ನಾಚಿಕಿ ಯಾಕ?"

ಅದಾಗಿ ಇಷ್ಟು ದಿನ ಬೇಕಾಯ್ತು ನನಗೆ, ಎಲ್ಲಿ ಇಳಿದೆ ಅಂತ ಹೇಳೋಕೆ. ಲಿಂಚೋಲಿ, 11ನೇ ಕಿಲೋಮೀಟರ್.

ಈಗ ಆ ಜೂನಿಯರ್ ತಂಗಿಗೆ ಉತ್ತರ. ಒಂದು ದಿನದಲ್ಲಿ ಹತ್ತುವವರು ಸಾವಿರಾರು ಜನ ಇದ್ದಾರೆ. ಆದರೆ ಲೆಕ್ಕ ನೋಡು. ಗುಪ್ತಕಾಶಿ ಸುಮಾರು 1,300 ಮೀಟರ್, ಕೇದಾರನಾಥ 3,583. ರಾತ್ರಿ ಕೆಳಗೆ ಮಲಗಿ ಮರುದಿನ ರಾತ್ರಿ ಅಲ್ಲಿ ಮಲಗೋದು ಅಂದ್ರೆ ಒಂದೇ ದಿನಕ್ಕೆ 2,200 ಮೀಟರ್‌ಗಿಂತ ಹೆಚ್ಚು. 3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಅಂತ ಡಾಕ್ಟರು ಹೇಳ್ತಾರೆ. ಹಾಗಾಗಿ ಪ್ರಯಾಣ ಮುಗಿಸಿ ಒಂದು ದಿನ ಪೂರ್ತಿ ನಿದ್ದೆ ಮಾಡ್ರಿ. ಗೌರಿಕುಂಡದಲ್ಲಿ ಒಂದು ರಾತ್ರಿ ಇರ್ರಿ, ದಾರಿ ನಡುವೆ ಇನ್ನೊಂದು. ಹೋಗೋ ಮೊದಲು ಅಪ್ಪ ಅವ್ವನ್ನ ನಿಮ್ಮ ಡಾಕ್ಟರಿಗೆ ತೋರಿಸ್ರಿ. ಮಧ್ಯಾಹ್ನದ ಮಳೆ ಇದ್ದೇ ಇರುತ್ತೆ ಅಂತ ತಿಳಿದು, ದಪ್ಪ ರೇನ್‌ಕೋಟ್, ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ರಿ. ತಲೆನೋವು ಬಂದರೆ ನಿಲ್ರಿ. ವಾಂತಿ ಆದರೆ, ನಡಿಗೆ ವಾಲಿದರೆ, ಗುಡಿ ಕಣ್ಣಿಗೆ ಕಾಣ್ತಿದ್ರೂ ಇಳೀರಿ.

ಮತ್ತೆ ಒಂದು. ಅಪ್ಪ ಅವ್ವನಿಗಿಂತ ಹಿಂದೆ ನಡಿ, ಮುಂದೆ ಅಲ್ಲ. ಹಿಂದೆ ಇದ್ದರೆ ಕಾಣುತ್ತೆ.

ಹಳೇ ಫೋಟೋ ಡಿಲೀಟ್ ಮಾಡಿಲ್ಲ. ಕ್ಯಾಪ್ಷನ್ ಬದಲಿಸೀನಿ: "ಫೋಟೋ: ಕಾಕಾ. ನಾವು ಲಿಂಚೋಲಿಯಿಂದ ತಿರುಗಿ ಬಂದ್ವಿ." ಈ ಪೋಸ್ಟಿನ ಫೋಟೋ ನಂದೇ. ಮಳೆ ಹನಿ ಬಿದ್ದು ಮಸುಕಾಗಿದೆ. ಶೆಡ್ಡು, ಕಂಬ, ಕಂಬಳಿ ಹೊದ್ದ ಒಬ್ಬ ಮನುಷ್ಯ. ಅದು ನಮ್ಮಪ್ಪ.

ಅಪ್ಪ ಈಗ ಆರಾಮ ಇದ್ದಾನೆ. ಡ್ಯೂಟಿಗೆ ಹೋಗ್ತಾನೆ. ಮುಂದಿನ ವರ್ಷಕ್ಕೆ ಈಗಲೇ ಹತ್ತು ದಿನ ರಜೆ ಕೇಳಿ ಅರ್ಜಿ ಬರೆದಿಟ್ಟಿದ್ದಾನೆ. ಈ ಸಲ ಎಲ್ಲಿ ಮಲಗೋದು, ಎಲ್ಲಿ ನಿಲ್ಲೋದು ಅಂತ ಸ್ಟಾಪಿನ ಪಟ್ಟಿ ಅವನೇ ಮಾಡ್ತಿದ್ದಾನೆ.

ಮನೆಯಲ್ಲಿ ಯಾರಾದರೂ ಹೊರಟಿದ್ದರೆ 4 ಮತ್ತೆ 6ನೇ ಪೋಸ್ಟ್ ಅವರಿಗೆ ಕಳಿಸ್ರಿ.

#ಕೇದಾರನಾಥ #ಲಿಂಚೋಲಿ #ಅಪ್ಪ #ಅರ್ಧದಾರಿ